ಬೇಡ ಎನ್ನಲು ಎಷ್ಟು ಹಣ ಬೇಕು?

ಉದ್ಯಮ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಾವು ಮೂವರು ಗೆಳೆಯರು ಸೇರಿ ಅಡಿಕೆ ಮಂಡಿಗಳ ಲೆಕ್ಕಪತ್ರಕ್ಕೆ ತಂತ್ರಾಂಶ ಮಾಡಿದ್ದೇವೆ. ಕೆಲವು ಮಂಡಿಗಳು ಈಗಾಗಲೇ ಬಳಸುತ್ತಿವೆ. ಬೆಂಗಳೂರಿನ ಹೂಡಿಕೆದಾರರೊಬ್ಬರು ಎರಡು ಕೋಟಿ ರೂಪಾಯಿ ಹಾಕಲು ಮುಂದೆ ಬಂದಿದ್ದಾರೆ. ಗೆಳೆಯರಿಗೆ ಆತುರ. ನನ್ನ ತಂದೆಯವರು ‘ಇನ್ನೊಬ್ಬರ ದುಡ್ಡು ಬೇಡವೇ ಬೇಡ’ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ಮೊದಲು ಲೆಕ್ಕ ಹಾಕಿ. ಶಿವಮೊಗ್ಗ, ಸಾಗರ, ಶಿರಸಿ, ಚನ್ನಗಿರಿ, ಪುತ್ತೂರು ಎಲ್ಲವನ್ನೂ ಸೇರಿಸಿದರೆ ನಿಮ್ಮ ತಂತ್ರಾಂಶ ಕೊಳ್ಳಬಹುದಾದ ಮಂಡಿಗಳೆಷ್ಟು? ಒಂದೊಂದು ಮಂಡಿ ವರ್ಷಕ್ಕೆ ಎಷ್ಟು ಕೊಟ್ಟೀತು? ಗುಣಿಸಿ ನೋಡಿ. ಮೂರು ಸಂಸಾರಗಳು, ಹತ್ತು ಹನ್ನೆರಡು ನೌಕರರು ಮರ್ಯಾದೆಯಿಂದ ಬದುಕಲು ಆ ಮೊತ್ತ ಸಾಕಾದೀತು. ಹೂಡಿಕೆದಾರರಿಗೆ ಸಾಕಾಗದು.

ಅವರೇನೂ ಕೆಟ್ಟವರಲ್ಲ, ಅವರ ಕಸುಬಿನ ಲೆಕ್ಕವೇ ಬೇರೆ. ಸಾಹಸ ಬಂಡವಾಳದ (ವೆಂಚರ್ ಕ್ಯಾಪಿಟಲ್) ನಿಧಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯುಷ್ಯ. ಹಣ ಹಾಕಿದ ಕಂಪನಿಗಳಲ್ಲಿ ಹೆಚ್ಚಿನವು ಮುಳುಗುತ್ತವೆಂದು ತಿಳಿದೇ ಹಾಕಿರುತ್ತಾರೆ. ಉಳಿದ ಒಂದೆರಡು ಹತ್ತಿಪ್ಪತ್ತು ಪಟ್ಟು ಬೆಳೆದು ಎಲ್ಲದರ ನಷ್ಟವನ್ನೂ ತುಂಬಿಕೊಡಬೇಕು. ಹಾಗಾಗಿ ಎರಡನೇ ವರ್ಷಕ್ಕೇ ಅವರು ನಿಮ್ಮ ಮುಂದೆ ಕುಳಿತು ‘ಅಡಿಕೆ ಸಾಕು, ಮೆಣಸು, ಹತ್ತಿ, ಈರುಳ್ಳಿ ಹಿಡಿಯಿರಿ, ದೇಶದ ಎಲ್ಲ ಎಪಿಎಂಸಿಗಳಿಗೂ ಹೋಗಿ’ ಎನ್ನುತ್ತಾರೆ. ಅಡಿಕೆಯ ದರ್ಜೆಗಳನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಿಡಿಸಿ ಬರೆಯುವುದು, ರೈತ ಪಡೆದ ಮುಂಗಡವನ್ನು ಮಾಲಿನ ಬಾಬ್ತಿನಲ್ಲಿ ಮುರಿದುಕೊಳ್ಳುವುದು, ಇವನ್ನೆಲ್ಲ ಮಂಡಿಯಲ್ಲೇ ಕುಳಿತು ಕಲಿತಿದ್ದೀರಲ್ಲ, ಅದು ನಿಮ್ಮ ಆಸ್ತಿ. ಈರುಳ್ಳಿಗೆ ಅದು ನಡೆಯುವುದಿಲ್ಲ.

ಶಿವಮೊಗ್ಗದಲ್ಲೇ ಹುಟ್ಟಿದ ನಿತಿನ್ ಕಾಮತ್ 2010ರಲ್ಲಿ ಬೆಂಗಳೂರಿನಲ್ಲಿ ಷೇರು ದಲ್ಲಾಳಿ ಕಂಪನಿ ಝೆರೋಧ ಆರಂಭಿಸಿದರು. ಹೊರಗಿನವರಿಂದ ಬಂಡವಾಳ ಪಡೆಯಲಿಲ್ಲ, ಜಾಹೀರಾತಿಗೆ ಹಣ ಸುರಿಯಲಿಲ್ಲ. ಎಷ್ಟೇ ದೊಡ್ಡ ವಹಿವಾಟಾದರೂ ಇಪ್ಪತ್ತು ರೂಪಾಯಿ ದಲ್ಲಾಳಿ ಎಂದರು. 2015ರ ಡಿಸೆಂಬರ್‌ನಲ್ಲಿ, ಷೇರು ಕೊಂಡು ಇಟ್ಟುಕೊಳ್ಳುವವರಿಗೆ ಅದನ್ನೂ ತೆಗೆದುಹಾಕಿದರು. ಲಕ್ಷಗಟ್ಟಲೆ ಗ್ರಾಹಕರಿದ್ದರೂ ತಂತ್ರಾಂಶ ಬರೆಯುವ ತಂಡ ಬಹುಕಾಲ ಮೂವತ್ತರ ಆಸುಪಾಸಿನಲ್ಲೇ ಇತ್ತು. ಕೈಲಾಶ್ ನಾಧ್ ಕಟ್ಟಿದ ಆ ತಂಡ ಮುಕ್ತ ತಂತ್ರಾಂಶಗಳನ್ನೇ ನೆಚ್ಚಿಕೊಂಡಿತು. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು, ನೌಕರರಿಗೆ ಆದಾಯದ ಗುರಿ ಕೊಡುವುದಿಲ್ಲ, ‘ಇವತ್ತು ಇದನ್ನು ಕೊಳ್ಳಿ’ ಎಂದು ಗ್ರಾಹಕರ ಮೊಬೈಲಿಗೆ ಸಂದೇಶ ಸುರಿಸುವುದಿಲ್ಲ ಎಂಬ ಪಟ್ಟು. ಮೂರು ತಿಂಗಳಿಗೊಮ್ಮೆ ‘ಯಾಕಿಲ್ಲ?’ ಎಂದು ಕೇಳುವವರು ತಲೆಯ ಮೇಲಿದ್ದರೆ ಆ ಪಟ್ಟು ಉಳಿಯುವುದು ಕಷ್ಟ. ಹಾಗೆಂದು ಅವರ ಪಟ ತೂಗುಹಾಕಿ ಕೈಮುಗಿಯಬೇಡಿ. ಆ ಕಂಪನಿಯ ಆದಾಯದ ದೊಡ್ಡ ಪಾಲು, ಮುಂದಿನ ಬೆಲೆಯ ಅಂದಾಜಿನ ಮೇಲೆ ನಡೆಯುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಿಂದ ಬಂದದ್ದು. ಆ ವಹಿವಾಟಿಗೆ ಇಳಿದ ನೂರು ಮಂದಿ ಜನಸಾಮಾನ್ಯರಲ್ಲಿ 93 ಮಂದಿ ಕಳೆದುಕೊಂಡೇ ಎದ್ದಿದ್ದಾರೆಂದು 2024ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯೇ ಹೇಳಿದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿದ್ದಿದ್ದರೆ ನೀವು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಮೊದಲು ಅದನ್ನು ಕೂಡಿಸಿ. ಸುಗ್ಗಿಯಲ್ಲಿ ಮಂಡಿಯವರ ಕೈಯಲ್ಲಿ ಹಣ ಓಡಾಡುತ್ತಿರುತ್ತದೆ. ಆಗ ಹೋಗಿ ಇಡೀ ವರ್ಷದ ಶುಲ್ಕವನ್ನು ಮುಂಗಡವಾಗಿ ಕೇಳಿ, ಸ್ವಲ್ಪ ರಿಯಾಯಿತಿ ಕೊಡಿ. ಆರು ತಿಂಗಳ ಸಂಬಳ ಕೂಡಿದ ಮೇಲೆ ಮೂವರೂ ಕುಳಿತು ಆ ಎರಡು ಕೋಟಿಯ ಮಾತು ಆಡಿ. ಆಗ ಗೆಳೆಯರ ಆತುರವೂ ತಂದೆಯವರ ಭಯವೂ ಅರ್ಧ ಇಳಿದಿರುತ್ತವೆ.

ಪ್ರಶ್ನೆ: ನಾಯಕತ್ವದ ಮೂರು ದಿನದ ತರಬೇತಿ ಶಿಬಿರಕ್ಕೆ ಅರುವತ್ತು ಸಾವಿರ ರೂಪಾಯಿ ಕೇಳುತ್ತಿದ್ದಾರೆ. ರೆಸಾರ್ಟ್‌ನಲ್ಲಿ ಊಟ, ವಸತಿ ಸೇರಿ. ಹೋಗಲೇ?
– ಒಬ್ಬ ಓದುಗ, ತುಮಕೂರು

ಉತ್ತರ: ಊಟ ಚೆನ್ನಾಗಿದ್ದರೆ ಹೋಗಿ. ಕಲಿಯಬೇಕೆಂದಿದ್ದರೆ ಆ ಮೂರು ದಿನ ನಿಮ್ಮ ಗ್ರಾಹಕರ ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತುಬನ್ನಿ. ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಬರೆದುಕೊಟ್ಟರು. ಟ್ಯಾಲಿ ಹುಟ್ಟಿದ್ದು ಹಾಗೆ, 1986ರಲ್ಲಿ. ಮೊದಲ ಗ್ರಾಹಕರು ಮನೆಯಲ್ಲೇ ಇದ್ದರು.

ಪ್ರಶ್ನೆ: ‘ಹತ್ತು ಸಾವಿರ ರೂಪಾಯಿಯಲ್ಲಿ ಇನ್ಫೊಸಿಸ್ ಕಟ್ಟಿದರು’ ಎಂದು ಎಲ್ಲ ವೇದಿಕೆಗಳಲ್ಲೂ ಹೇಳುತ್ತಾರೆ. ಇವತ್ತು ಹತ್ತು ಸಾವಿರಕ್ಕೆ ಒಳ್ಳೆಯ ಮೊಬೈಲೂ ಬರುವುದಿಲ್ಲ. ಇಂಥ ಕಥೆ ಹೇಳಿ ಹುಡುಗರ ತಲೆ ಕೆಡಿಸುವುದೇಕೆ?
– ಒಬ್ಬ ನಿವೃತ್ತ ಉಪನ್ಯಾಸಕರು, ಹುಬ್ಬಳ್ಳಿ

ಉತ್ತರ: ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದು. ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ನಿಜ, 1981 ನಿಜ, ಪುಣೆ ನಿಜ. ಆದರೆ ಕಂಪನಿ ನಡೆದದ್ದು ಆ ಹಣದಿಂದಲ್ಲ. ಮೊದಲ ಗ್ರಾಹಕ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್. ಸ್ಥಾಪಕರಲ್ಲಿ ಬಹುಪಾಲು ಮಂದಿ ಅಮೆರಿಕಕ್ಕೆ ಹೋಗಿ ಗ್ರಾಹಕರ ಯಂತ್ರದಲ್ಲೇ ಕೆಲಸ ಮಾಡಿದರು, ನಾರಾಯಣ ಮೂರ್ತಿ ಇಲ್ಲಿ ಉಳಿದರು. ಆಗ ಕಂಪನಿಗೆ ಸ್ವಂತ ಕಂಪ್ಯೂಟರೇ ಇರಲಿಲ್ಲ. ಆಮದು ಪರವಾನಗಿಗೆ ವರ್ಷಗಟ್ಟಲೆ ದೆಹಲಿಗೆ ಅಲೆಯಬೇಕಿತ್ತು, ದೂರವಾಣಿ ಸಂಪರ್ಕಕ್ಕೇ ಒಂದು ವರ್ಷ ಕಾಯಬೇಕಿತ್ತು ಎಂದು ಮೂರ್ತಿಯವರು ಹಲವು ಬಾರಿ ಹೇಳಿದ್ದಾರೆ. 1983ರಲ್ಲಿ ಮೈಕೋ (ಈಗಿನ ಬಾಷ್) ಕಂಪನಿಯ ಕೆಲಸ ಸಿಕ್ಕಿತೆಂದು ಬೆಂಗಳೂರಿಗೆ ಬಂದರು. ಸಂಬಳ ನಡೆಸಿದ್ದು ಗ್ರಾಹಕರ ಹಣ. ವೇದಿಕೆಯ ಮೇಲೆ ಇದನ್ನು ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ, ಅದಕ್ಕೇ ಹತ್ತು ಸಾವಿರದ ಕಥೆಯನ್ನೇ ಹೇಳುತ್ತಾರೆ.

ಹುಡುಗರಿಗೆ ಹೇಳುವುದಾದರೆ ಆಮೇಲಿನ ಎರಡು ಘಟನೆಗಳನ್ನು ಹೇಳಬೇಕು. 1990ರಲ್ಲಿ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವ ಪ್ರಸ್ತಾಪ ಬಂತು. ಒಂಬತ್ತು ವರ್ಷ ದುಡಿದು ದಣಿದಿದ್ದ ಸ್ಥಾಪಕರು ಮಾರುವ ಮನಸ್ಸು ಮಾಡಿದ್ದರು. ಮೂರ್ತಿ ಎಲ್ಲರ ಮಾತನ್ನೂ ಕೇಳಿ, ನಿಮ್ಮೆಲ್ಲರ ಪಾಲನ್ನೂ ನಾನೇ ಕೊಳ್ಳುತ್ತೇನೆ ಎಂದರಂತೆ. ಕೈಯಲ್ಲಿ ಕಾಸಿರಲಿಲ್ಲ ಎಂಬುದನ್ನೂ ಅವರೇ ಹೇಳಿದ್ದಾರೆ. ಮಾರುವ ಮಾತು ಅಲ್ಲಿಗೇ ನಿಂತಿತು.

ಎರಡನೆಯದು 1995ರದು, ಬೆಂಗಳೂರಿನ ತಾಜ್ ರೆಸಿಡೆನ್ಸಿ ಹೋಟೆಲಿನಲ್ಲಿ ನಡೆದದ್ದು. ಕಂಪನಿಯ ಆದಾಯದಲ್ಲಿ ಶೇ 25ರಷ್ಟು ಕೊಡುತ್ತಿದ್ದ ಅಮೆರಿಕದ ದೊಡ್ಡ ಗ್ರಾಹಕರೊಬ್ಬರು ಭಾರತದ ತಮ್ಮ ಎಲ್ಲ ಸಾಫ್ಟ್‌ವೇರ್ ಪೂರೈಕೆದಾರರನ್ನೂ ಕರೆಸಿ, ಒಬ್ಬರು ಇನ್ನೊಬ್ಬರೊಂದಿಗೆ ಮಾತಾಡದಂತೆ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ದರ ಇಳಿಸಲು ಜಗ್ಗಿದರು. ಅವರು ಕೇಳಿದ ದರಕ್ಕೆ ಕೆಲಸ ಮಾಡಿದರೆ ಗುಣಮಟ್ಟಕ್ಕೆ, ತರಬೇತಿಗೆ ಏನೂ ಉಳಿಯುತ್ತಿರಲಿಲ್ಲ. ಇನ್ಫೊಸಿಸ್ ಒಪ್ಪಲಿಲ್ಲ, ನೀವು ಯಾರನ್ನು ಹೇಳುತ್ತೀರೋ ಅವರಿಗೆ ಕೆಲಸವನ್ನು ಕ್ರಮವಾಗಿ ಒಪ್ಪಿಸಿಕೊಡುತ್ತೇವೆ ಎಂದು ಹೇಳಿ ಹೊರಬಂತು. ಎರಡು ವರ್ಷದ ಹಿಂದಷ್ಟೇ, 1993ರಲ್ಲಿ, ಷೇರನ್ನು 95 ರೂಪಾಯಿಗೆ ಜನರ ಮುಂದಿಟ್ಟಾಗ ಪೂರ್ತಿ ಬಿಕರಿಯಾಗದೆ, ಮಾರ್ಗನ್ ಸ್ಟ್ಯಾನ್ಲಿ ಶೇ 13ರಷ್ಟು ಪಾಲು ಕೊಂಡು ಕೈಹಿಡಿದಿದ್ದ ಕಂಪನಿ ಅದು. ಹೊಸ ಷೇರುದಾರರ ಮುಂದೆ ಕಾಲು ಭಾಗ ಆದಾಯ ಹೋಯಿತು ಎಂದು ಹೇಳಲು ಎಷ್ಟು ಎದೆಗಾರಿಕೆ ಬೇಕು, ಯೋಚಿಸಿ.

ಅದು ಬರೀ ಎದೆಗಾರಿಕೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸಾಲವಿಲ್ಲದ, ದುಂದಿಲ್ಲದ ಕಂಪನಿಗೆ ಮಾತ್ರ ಹಾಗೆ ಎದ್ದುಬರಲು ಸಾಧ್ಯ. ಮುಂದಿನ ತಿಂಗಳ ಕಂತು ಕಣ್ಣೆದುರಿದ್ದವನು ಎಷ್ಟೇ ಧೀರನಾಗಿದ್ದರೂ ಆ ಕೋಣೆಯಲ್ಲಿ ಸಹಿ ಹಾಕಿಯೇ ಏಳುತ್ತಿದ್ದ. ಹುಬ್ಬಳ್ಳಿಯಲ್ಲಿ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾರುತ್ತಿದ್ದ ಕಾಲದಲ್ಲಿ ನನಗೂ ಇಂಥ ಸಣ್ಣ ಕೋಣೆಗಳು ಎದುರಾಗಿದ್ದವು. ಆಡಳಿತ ಮಂಡಳಿಯವರು ಚಹಾ ತರಿಸಿ, ಅರ್ಧ ದರಕ್ಕೆ ಕೊಡಿ ಅಕ್ಕಾ ಎನ್ನುವರು. ಬ್ಯಾಂಕ್ ಪಾಸ್‌ಬುಕ್ ನೆನಪಿಸಿಕೊಂಡೇ ನಾನು ಉತ್ತರ ಕೊಡುತ್ತಿದ್ದೆ. ಆಮೇಲೆ ಇನ್ಫೊಸಿಸ್ ಒಬ್ಬ ಗ್ರಾಹಕ, ಒಂದು ದೇಶ, ಒಂದು ತಂತ್ರಜ್ಞಾನ ಇವುಗಳಿಂದ ಇಷ್ಟಕ್ಕಿಂತ ಹೆಚ್ಚು ಆದಾಯ ಬರಕೂಡದೆಂದು ಮಿತಿ ಹಾಕಿಕೊಂಡಿತು. ಉಪನ್ಯಾಸಕ್ಕೆ ವಸ್ತು ಬೇಕಿದ್ದರೆ, ಸರ್, ಆ ಮಿತಿಯನ್ನೇ ಹಿಡಿಯಿರಿ.

ಪ್ರಶ್ನೆ: ಕೆಲಸ ಮುಗಿಸಿ ಬಿಲ್ ಕೊಟ್ಟು ನಾಲ್ಕು ತಿಂಗಳಾಯಿತು. ಒಂದು ಕಂಪನಿ ಹಣ ಕೊಡುತ್ತಿಲ್ಲ. ಬಾರದ ಹಣಕ್ಕೆ ಜಿಎಸ್‌ಟಿಯನ್ನೂ ನಾನೇ ಕಟ್ಟಿದೆ. ತಾಳ್ಮೆ ಎಂದರೆ ಇದೇನಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಖಂಡಿತ ಅಲ್ಲ. ತಂತ್ರಾಂಶ ಸೇವೆಗೆ ಶೇ 18 ಜಿಎಸ್‌ಟಿ. ಇನ್‌ವಾಯ್ಸ್ ಬರೆದಿರೆಂದರೆ, ಹಣ ಬರಲಿ ಬಿಡಲಿ, ಮುಂದಿನ ತಿಂಗಳ 20ನೇ ತಾರೀಕಿನೊಳಗೆ ಕಟ್ಟಲೇಬೇಕು (ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರ ಕ್ರಮ ಸ್ವಲ್ಪ ಬೇರೆ). ವಾರ್ಷಿಕ ನಿರ್ವಹಣೆಯಂಥ ಕೆಲಸಕ್ಕೆ, ಅವಧಿ ಆರಂಭವಾಗುವ ಮೊದಲೇ ಪ್ರೊಫಾರ್ಮಾ ಬಿಲ್ (ಕೊಡಬೇಕಾದ ಮೊತ್ತ ತಿಳಿಸುವ ಬಿಲ್, ತೆರಿಗೆ ಇನ್‌ವಾಯ್ಸ್ ಅಲ್ಲ) ಕಳಿಸಿ, ಹಣ ಬಂದ ಮೇಲೆ ತೆರಿಗೆ ಇನ್‌ವಾಯ್ಸ್ ಬರೆಯಿರಿ. ಹೊಸ ಕೆಲಸವಾದರೆ ಮೂರು ಕಂತು ಮಾಡಿ, ಮೊದಲ ಕಂತು ಕೈಗೆ ಬರುವವರೆಗೆ ಕಂಪ್ಯೂಟರ್ ಹಚ್ಚಬೇಡಿ.

ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಇದೆಯೇ? ಇಲ್ಲದಿದ್ದರೆ ಇವತ್ತೇ ಮಾಡಿಸಿ, ಉಚಿತ. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ, ಕರಾರು ಏನೇ ಇರಲಿ, 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. ಕೇಂದ್ರದ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಸಚಿವಾಲಯದ ಜಾಲತಾಣದಲ್ಲಿ ದೂರು ಕೊಡಬಹುದು. ಇನ್ನೊಂದು ಹಿಡಿತವೂ ಇದೆ. ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು, ನಿಜವಾಗಿ ಪಾವತಿಸುವವರೆಗೆ ಅವರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಫೆಬ್ರವರಿ ಕೊನೆಗೆ ಅವರ ಲೆಕ್ಕಪರಿಶೋಧಕರಿಗೆ ಪ್ರತಿ ಹಾಕಿ ವಿನಯದಿಂದ ಒಂದು ಇಮೇಲ್ ಬರೆಯಿರಿ. ಮಾಲೀಕರಿಗಿಂತ ಬೇಗ ಅವರು ಎಚ್ಚರಗೊಳ್ಳುತ್ತಾರೆ.

ಪ್ರಶ್ನೆ: ನಾನು ಎರಡು ವರ್ಷ ಕಲಿಸಿ ತಯಾರು ಮಾಡಿದ ಹುಡುಗಿಯನ್ನು ದೊಡ್ಡ ಕಂಪನಿ ದುಪ್ಪಟ್ಟು ಸಂಬಳ ಕೊಟ್ಟು ಕರೆದುಕೊಂಡಿತು. ಇನ್ನು ಮುಂದೆ ಬಾಂಡ್ ಬರೆಸಿಕೊಳ್ಳಲೇ?
– ಒಬ್ಬ ಓದುಗರು, ಮೈಸೂರು

ಉತ್ತರ: ಬೇಡ ತಂಗಿ. ಬಾಂಡಿಗೆ ಹೆದರಿ ಉಳಿದವರು ದೇಹ ಮಾತ್ರ ಕಚೇರಿಗೆ ತರುತ್ತಾರೆ. ಆ ಹುಡುಗಿಗೆ ಒಂದು ಒಳ್ಳೆಯ ಶಿಫಾರಸು ಪತ್ರ ಕೊಟ್ಟು ಕಳಿಸಿ. ನಾಳೆ ಅವಳೇ ನಿಮಗೆ ಗ್ರಾಹಕರನ್ನು ಕಳಿಸಬಹುದು.

ನೋಡಬೇಕಾದದ್ದು ನೀವು ಯಾರನ್ನು ಸೇರಿಸಿಕೊಳ್ಳುತ್ತೀರಿ ಎಂಬುದನ್ನು. ದೊಡ್ಡ ಕಂಪನಿಗಳು ಹುಡುಕುವ ಕಾಲೇಜುಗಳಲ್ಲೇ ನೀವೂ ಹುಡುಕಿದರೆ ಸೋಲು ಖಚಿತ. 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಶುರುವಾದ ಜೋಹೊ, ಸಾಹಸ ಬಂಡವಾಳ ಪಡೆಯದೆ ಬೆಳೆದ ಕಂಪನಿ. 2001ರ ಸುಮಾರಿಗೆ ದೂರಸಂಪರ್ಕ ಉದ್ಯಮ ಕುಸಿದಾಗ ಅದರ ಗ್ರಾಹಕರು ಒಬ್ಬೊಬ್ಬರಾಗಿ ಕರಗಿಹೋದರು. ಬಿಡುವಾದ ಎಂಜಿನಿಯರುಗಳನ್ನು ಹೊಸ ತಂತ್ರಾಂಶಗಳ ಕೆಲಸಕ್ಕೆ ಹಚ್ಚಿದರು. ಇವತ್ತು ಅದರ ಹೆಸರು ಹೇಳುವ ಉತ್ಪನ್ನಗಳು ಬಂದದ್ದು ಆಮೇಲೆ. 2005ರ ಆಸುಪಾಸಿನಲ್ಲಿ ತಮ್ಮದೇ ಶಾಲೆ ತೆರೆದು, ಪಿಯುಸಿ ಹಂತ ಮತ್ತು ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ ಶುಲ್ಕವಿಲ್ಲದೆ, ಕೈಖರ್ಚಿಗೂ ಕೊಟ್ಟು ಕಲಿಸತೊಡಗಿದರು. ತಮಿಳುನಾಡಿನ ತೆಂಕಾಸಿಯ ಬಳಿ ಮತ್ತಳಂಪಾರೈ ಎಂಬ ಹಳ್ಳಿಯಲ್ಲಿ ಕಚೇರಿ ಮಾಡಿದರು. ನಂಜನಗೂಡು, ಟಿ. ನರಸೀಪುರ, ಹುಣಸೂರಿನ ಪಾಲಿಟೆಕ್ನಿಕ್‌ಗಳ ಕಡೆ ಒಮ್ಮೆ ಹೋಗಿಬನ್ನಿ. ಮನೆಯಿಂದ ಬಸ್ಸಿನಲ್ಲಿ ಓಡಾಡಿಕೊಂಡು ಮಾಡಬಹುದಾದ ಕೆಲಸವನ್ನು ಸುಲಭಕ್ಕೆ ಬಿಡದ ಮಕ್ಕಳು ಅಲ್ಲಿದ್ದಾರೆ. ಮೊದಲ ವರ್ಷ ನಿಮ್ಮ ತಲೆ ತಿನ್ನುತ್ತಾರೆ, ಅದಕ್ಕೆ ಸಿದ್ಧರಾಗಿರಿ.

ಪ್ರಶ್ನೆ: ನಿಮ್ಮ ಅಂಕಣ ಓದಿದರೆ ಜಿಪುಣತನವೇ ನಾಯಕತ್ವ ಎನಿಸುತ್ತದೆ. ಕಡಿಮೆ ಸಂಬಳ ಕೊಟ್ಟು ದುಡಿಸಿಕೊಳ್ಳುವವರಿಗೆ ನೀವು ಹೊಸ ಹೆಸರು ಕೊಡುತ್ತಿದ್ದೀರಿ.
– ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಒಳ್ಳೆಯ ಪೆಟ್ಟು. ಹತ್ತು ಜನರ ಕೆಲಸಕ್ಕೆ ಹತ್ತು ಜನರನ್ನೇ ಇಟ್ಟುಕೊಂಡು, ಅವರಿಗೆ ಸರಿಯಾದ ಸಂಬಳವನ್ನು ಒಂದನೇ ತಾರೀಕೇ ಕೊಡುವುದು ಮಿತವ್ಯಯ. ಐದು ಜನರಿಂದ ರಾತ್ರಿ ಹನ್ನೊಂದರವರೆಗೆ ಮಾಡಿಸುವುದು ಕಳ್ಳತನ. ಕಂಪನಿಯ ಖರ್ಚು ಇಳಿಸುವವರು ಮೊದಲು ತಮ್ಮ ಕಾರು, ತಮ್ಮ ಕೋಣೆ, ತಮ್ಮ ಸಂಬಳದ ಕಡೆ ಕೈಹಾಕಿದ್ದಾರೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಸಿಟ್ಟಿಗೆ ನನ್ನ ಸಹಿಯೂ ಇದೆ.

ಎಲ್ಲ ಉದ್ಯಮಕ್ಕೂ ಈ ದಾರಿ ಒಗ್ಗದು ಎಂಬುದನ್ನೂ ಹೇಳಿಬಿಡುತ್ತೇನೆ. ತೇಜಸ್ ನೆಟ್‌ವರ್ಕ್ಸ್ 2000ನೇ ಇಸವಿಯಲ್ಲಿ ಬೆಂಗಳೂರಿನಲ್ಲಿ ದೂರಸಂಪರ್ಕದ ಉಪಕರಣ ಮಾಡಲು ಹೊರಟಾಗ, ಹುಬ್ಬಳ್ಳಿಯವರೇ ಆದ ಗುರುರಾಜ ದೇಶಪಾಂಡೆ ಹಣ ಹಾಕಿದರು. ಯಂತ್ರ ತಯಾರಾಗಿ, ಪರೀಕ್ಷೆ ದಾಟಿ, ಮಾರಾಟವಾಗುವವರೆಗೆ ಗ್ರಾಹಕರು ಕಾಸು ಬಿಚ್ಚುವುದಿಲ್ಲ. ಏಥರ್‌ನ ಎಲೆಕ್ಟ್ರಿಕ್ ಸ್ಕೂಟರನ್ನೂ ಬರೀ ಮುಂಗಡದಲ್ಲಿ ಕಟ್ಟಲಾಗುತ್ತಿರಲಿಲ್ಲ. ಅಲ್ಲಿ ಹೊರಗಿನ ಬಂಡವಾಳ ಬೇಕೇ ಬೇಕು. ಲೆಕ್ಕಪತ್ರದ ತಂತ್ರಾಂಶಕ್ಕೆ ಅದೇ ಪ್ರಮಾಣದ ಹಣ ಕೇಳುವವರನ್ನು ಕಂಡರೆ ಮಾತ್ರ ನನಗೆ ಅನುಮಾನ.

ಪ್ರಶ್ನೆ: ಚೀಟಿ ಎತ್ತಿ ಈ ತಿಂಗಳ ಸಂಬಳ ಕೊಡಬಹುದೇ? ಐದು ಲಕ್ಷದ ಚೀಟಿ ಇದೆ.
– ಒಬ್ಬ ಓದುಗ, ಹಾಸನ

ಉತ್ತರ: ನೋಂದಾಯಿತ ಚೀಟಿಯೇ? ಹಾಗಿದ್ದರೆ ಕಾನೂನಿನ ಅಡ್ಡಿಯಿಲ್ಲ. ಆದರೆ ಚೀಟಿ ನಡೆಸುವವರ ಕಮಿಷನ್ ಶೇ 7ರವರೆಗೆ ಇರಬಹುದು, ಅವಸರಕ್ಕೆ ಎತ್ತುವವರು ಕೂಗಿನಲ್ಲಿ ಬಿಟ್ಟುಕೊಡುವ ಮೊತ್ತ, ಆ ಕಮಿಷನ್ನೂ ಸೇರಿ, ಇನ್ನೂ ದೊಡ್ಡದಾಗುತ್ತದೆ. ಕೈಗೆ ಬರುವುದೆಷ್ಟು, ಇನ್ನು ಕಟ್ಟಬೇಕಾದ ಕಂತುಗಳೆಷ್ಟು ಎಂದು ಬರೆದುಕೊಂಡು, ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿಯ ಪಕ್ಕದಲ್ಲಿಟ್ಟು ನೋಡಿ. ಯಾರಿಂದಲಾದರೂ ಬರಬೇಕಾದ ಬಾಕಿ ಇದ್ದರೆ ಮೊದಲು ಅಲ್ಲಿಗೆ ಹೋಗಿ, ಫೋನ್ ಮಾಡಬೇಡಿ. ಈ ತಿಂಗಳು ಎತ್ತಲೇಬೇಕಾದರೆ ಎತ್ತಿ, ಸಂಬಳ ನಿಲ್ಲಬಾರದು. ಮುಂದಿನ ತಿಂಗಳ ಸಂಬಳ ಎಲ್ಲಿಂದ ಎಂಬುದನ್ನು ಮಾತ್ರ ಚೀಟಿ ಕೂಗುವ ಮುಂಚೆಯೇ ನಿಮ್ಮ ಪಾಲುದಾರರಿಗೆ ಬರೆದು ತೋರಿಸಿ.