ಹಸಿರು ನೀರಿದ್ದರೂ ಗೌರಾಮಿ ಮರಿ ಸಾಯುವುದೇಕೆ?

ಪ್ರಶ್ನೆ: ಮನೆ ಹಿಂದಿನ ತೊಟ್ಟಿಯಲ್ಲಿ ನೀಲಿ ಗೌರಾಮಿ ಮೀನಿನ ಮರಿ ಮಾಡಿಸುತ್ತಿದ್ದೇನೆ. ಈಜಲು ಶುರುಮಾಡಿದ ಮೂರ್ನಾಲ್ಕು ದಿನಕ್ಕೆ ಸಾಯುತ್ತವೆ. ಮೊದಲು ಬೇಯಿಸಿದ ಕೋಳಿಮೊಟ್ಟೆಯ ಹಳದಿ ಹಾಕುತ್ತಿದ್ದೆ. ಈಗ ಯಾರೋ ಹೇಳಿದರೆಂದು ಹಸಿರು ನೀರು ಬಿಡುತ್ತಿದ್ದೇನೆ. ಆದರೂ ಉಳಿಯುತ್ತಿಲ್ಲ.
— ಒಬ್ಬ ಓದುಗ, ಬ್ರಹ್ಮಾವರ

ಉತ್ತರ: ಬಹುಶಃ ಹಸಿವಿನಿಂದಲೇ ಸಾಯುತ್ತಿವೆ. ಹಸಿರು ನೀರಿನ ಕ್ಲೋರೆಲ್ಲಾ ಪಾಚಿಯ ಕಣ 2ರಿಂದ 10 ಮೈಕ್ರಾನ್ ಅಷ್ಟೇ. ಮರಿಗೆ ಬೇಕಾದ್ದು ಕಣ್ಣಿಗೆ ಕಾಣುವ, ಅಲುಗಾಡುವ, ಬಾಯಿಗೆ ಹಿಡಿಸುವ ತುತ್ತು. ಅದು ರೋಟಿಫರ್, ಮಿಲಿಮೀಟರಿನ ಹತ್ತನೇ ಒಂದೆರಡು ಪಾಲಿನಷ್ಟಿರುವ ಜೀವಿ. ಪಾಚಿಯನ್ನು ತಿನ್ನುವುದು ಅದು, ಅದನ್ನು ತಿನ್ನುವುದು ನಿಮ್ಮ ಮರಿ. ಮೊಟ್ಟೆಯ ಹಳದಿ ತಳಕ್ಕೆ ಕೂತು ಕೊಳೆಯುತ್ತದೆ, ಬಿಟ್ಟುಬಿಡಿ.

ಮರಿ ಮಾಡಿಸುವ ಹತ್ತು-ಹದಿನೈದು ದಿನ ಮೊದಲೇ ಪಾಚಿ ಶುರುಮಾಡಿ. 100 ಲೀಟರ್ ನೀರಿಗೆ 10 ಗ್ರಾಂ ಅಮೋನಿಯಂ ಸಲ್ಫೇಟ್, 1 ಗ್ರಾಂ ಸೂಪರ್ ಫಾಸ್ಫೇಟ್, 1 ಗ್ರಾಂ ಯೂರಿಯಾ ಸಾಕು. ನಲ್ಲಿ ನೀರಾದರೆ ಮೊದಲು ಒಂದು ದಿನ ಗಾಳಿ ಬಿಟ್ಟು ಕ್ಲೋರಿನ್ ಕಳೆಯಿರಿ. ಆಮೇಲೆ ಒಂದು ಬಕೆಟ್ ಒಳ್ಳೆಯ ಹಸಿರು ನೀರು ಹೆಪ್ಪು ಹಾಕಿದಂತೆ ಬೆರೆಸಿ, ಬಿಸಿಲಿಗಿಟ್ಟು, ಏರೇಟರ್ ಹಚ್ಚಿ. ವಾರದೊಳಗೆ ಬಣ್ಣ ಗಾಢವಾಗುತ್ತದೆ. ಗೊಬ್ಬರ ಹಾಕಿದ ಹೊಸತರಲ್ಲಿ ಈ ನೀರನ್ನು ಮರಿ ತೊಟ್ಟಿಗೆ ಸುರಿಯಬೇಡಿ, ಅಮೋನಿಯಾ ಹೊಡೆಯುತ್ತದೆ.

ರೋಟಿಫರ್‌ಗೆ ಬೇರೆ ತೊಟ್ಟಿ ಇರಲಿ. ಬಿತ್ತನೆಗೆ ಹತ್ತಿರದ ಹ್ಯಾಚರಿಯಲ್ಲಿ ವಿಚಾರಿಸಿ. ನೀರು ತಿಳಿಯಾಗುತ್ತಾ ಬಂದರೆ ಹಸಿರು ನೀರು ಸೇರಿಸಿ. ಚೆನ್ನಾಗಿ ಬೆಳೆದ ಮೇಲೆ ದಿನಕ್ಕೆ ಕಾಲು ಭಾಗ ನೀರನ್ನು 50 ಮೈಕ್ರಾನ್ ಬಲೆಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ರೋಟಿಫರನ್ನು ಮರಿಗೆ ಕೊಡಿ. ಹತ್ತು ದಿನ ದಾಟಿದ ಮೇಲೆ ಮೊಯಿನಾಗೆ (ರೋಟಿಫರಿಗಿಂತ ದೊಡ್ಡದಾದ ನೀರುಚಿಗಟ) ಬದಲಾಯಿಸಬಹುದು.

ಒಂದು ಮಾತು ಮಾತ್ರ ಮರೆಯಬೇಡಿ: ಪಾಚಿ, ರೋಟಿಫರ್ ಎರಡು ತೊಟ್ಟಿಗೆ ಒಂದೇ ಮಗ್ ಬೇಡ. ನಾನೂ ಹಾಗೆ ಕೆಟ್ಟವನೇ. ದಟ್ಟ ಹಸಿರಾಗಿದ್ದ ಡ್ರಮ್ ಮೂರ್ನಾಲ್ಕು ದಿನದಲ್ಲಿ ತಿಳಿನೀರಾಯಿತು. ಗೊಬ್ಬರ ಕಮ್ಮಿಯಾಯ್ತೇನೋ ಅಂತ ಸುಮ್ನೆ ಮತ್ತಷ್ಟು ಹಾಕಿದೆ. ಕೊನೆಗೆ ಗಾಜಿನ ಲೋಟದಲ್ಲಿ ಎತ್ತಿ ಬೆಳಕಿಗೆ ಹಿಡಿದರೆ, ಬಿಳಿ ಪುಡಿಯಂತೆ ರೋಟಿಫರ್ ಓಡಾಡುತ್ತಿದ್ದವು. ಒಂದು ಹನಿಯಲ್ಲಿ ಹೋದದ್ದು ಇಡೀ ಡ್ರಮ್ ಮೇಯ್ದಿತ್ತು. ಅಂದಿನಿಂದ ಪಾಚಿಯ ಮಗ್‌ಗೆ ಕೆಂಪು ದಾರ ಕಟ್ಟಿದ್ದೇನೆ. ಬೆಳಿಗ್ಗೆ ಮೊದಲು ಪಾಚಿಯ ಕೆಲಸ, ಆಮೇಲೆ ರೋಟಿಫರ್.

ಪ್ರಶ್ನೆ: ಕುರುಡಿ ಮೀನಿನ ಮರಿಗೂ ಕ್ಲೋರೆಲ್ಲಾ ತಿಂದ ರೋಟಿಫರ್ ಸಾಕಲ್ವಾ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಸಾಲದು. ಕುರುಡಿಯಂಥ ಸಮುದ್ರ ಮೀನಿನ ಮರಿಗೆ ಇಪಿಎ, ಡಿಎಚ್‌ಎ ಎಂಬ ಕೊಬ್ಬಿನಾಮ್ಲಗಳು ಊಟದಲ್ಲೇ ಸಿಗಬೇಕು. ಸಿಹಿನೀರಿನ ಕ್ಲೋರೆಲ್ಲಾದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಉಪ್ಪುನೀರಿನ ಪಾಚಿಗಳಲ್ಲಿ ನ್ಯಾನೋಕ್ಲೋರಾಪ್ಸಿಸ್‌ನಲ್ಲಿ ಇಪಿಎ ಜಾಸ್ತಿ, ಐಸೋಕ್ರೈಸಿಸ್‌ನಲ್ಲಿ ಡಿಎಚ್‌ಎ. ರೋಟಿಫರ್‌ಗೆ ಎರಡನ್ನೂ ಮೇಯಿಸಿ, ಅದರ ಹೊಟ್ಟೆ ತುಂಬಿರುವಾಗಲೇ ಮರಿಗೆ ಬಿಡಿ.