ಕ್ಯಾಮೆರಾ ಹಿಡಿದು ಹಬ್ಬಗಳನ್ನು ನೋಡಲು ಹೊರಟಿದ್ದೀರಾ? ಮೊದಲು ಪಂಚಾಂಗ ತೆರೆಯಿರಿ

ಒಂದು ವರ್ಷ ಕೆಲಸಕ್ಕೆ ಬಿಡುವು ಕೊಟ್ಟು, ದೇಶದ ವರ್ಣಮಯ ಹಬ್ಬಗಳ ಚಿತ್ರ ತೆಗೆಯಲು ಹೊರಟಿರುವುದಾಗಿ ಬರೆದಿದ್ದೀರಿ. ಯಾವ ಹಬ್ಬಗಳನ್ನು ಆರಿಸಿಕೊಳ್ಳಬೇಕು, ಕೊಡಗಿನಿಂದ ಆರಂಭಿಸಿದರೆ ಹೇಗೆ, ಎಂತಹ ಲೆನ್ಸ್‌ಗಳು ಬೇಕಾಗುತ್ತವೆ ಎಂಬುದು ನಿಮ್ಮ ಪ್ರಶ್ನೆ. ನಾನು ವಿರಾಜಪೇಟೆಯ ಕಡೆಯವನು, ಹವ್ಯಾಸಿ ಛಾಯಾಗ್ರಾಹಕ. ಕಾಫಿ ಕೆಲಸಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಹಬ್ಬಗಳ ಹಿಂದೆ ಹೋಗುವವನು. ಆ ಅನುಭವದ ಆಧಾರದ ಮೇಲೆ ಉತ್ತರಿಸುತ್ತಿದ್ದೇನೆ.

ಅಂತರ್ಜಾಲದಲ್ಲಿ ಸಿಗುವ ‘ನೋಡಲೇಬೇಕಾದ ಹಬ್ಬಗಳು’ ಎಂಬ ಪಟ್ಟಿಗಳನ್ನು ಸದ್ಯಕ್ಕೆ ಬದಿಗಿಡಿ. ಆ ಪಟ್ಟಿಗಳಲ್ಲಿರುವ ಅರ್ಧಕ್ಕರ್ಧ ಹಬ್ಬಗಳು ಒಂದೇ ವಾರದಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ, ದೇಶದ ನಾಲ್ಕು ಮೂಲೆಗಳಲ್ಲಿ ನಡೆಯುತ್ತವೆ ಎಂಬುದನ್ನು ಅವು ಹೇಳುವುದಿಲ್ಲ. ವಿಜಯದಶಮಿಯನ್ನೇ ನೋಡಿ: ಮೈಸೂರಿನಲ್ಲಿ ಜಂಬೂ ಸವಾರಿ, ಮಡಿಕೇರಿಯಲ್ಲಿ ದಶಮಂಟಪಗಳ ಶೋಭಾಯಾತ್ರೆ, ಕೋಲ್ಕತ್ತದಲ್ಲಿ ಮುತ್ತೈದೆಯರು ಪರಸ್ಪರ ಕುಂಕುಮ ಹಚ್ಚುವ ಸಿಂಧೂರ ಖೇಲಾ ಮತ್ತು ದುರ್ಗೆಯ ವಿಸರ್ಜನೆ, ತಮಿಳುನಾಡಿನ ಕುಲಶೇಖರಪಟ್ಟಣದ ಕಡಲ ತೀರದಲ್ಲಿ ವೇಷಧಾರಿ ಭಕ್ತರ ಸಾಗರದ ನಡುವೆ ಮಹಿಷಾಸುರ ಸಂಹಾರ, ಎಲ್ಲವೂ ಅಂದೇ; ಹಿಮಾಚಲದ ಕುಲ್ಲು ದಸರಾ ಆರಂಭವಾಗುವುದೂ ಅಂದೇ. ಕಾರ್ತಿಕ ಹುಣ್ಣಿಮೆಯಂದು ಪುಷ್ಕರದ ಮೇಳಕ್ಕೆ ಹೋದವರಿಗೆ ಕಾಶಿಯ ದೇವ ದೀಪಾವಳಿ ತಪ್ಪಿತೆಂದೇ ಲೆಕ್ಕ. ಆದ್ದರಿಂದ ಒಂದು ಋತುವಿಗೆ ಒಂದು ಪ್ರದೇಶವನ್ನು ಆರಿಸಿಕೊಂಡು, ಹಬ್ಬದ ಸಿದ್ಧತೆಯ ದಿನಗಳಿಂದಲೇ ಅಲ್ಲಿ ಉಳಿಯುವುದು ಮೇಲು. ರೈಲು, ವಿಮಾನಗಳಲ್ಲಿ ಓಡಾಡಿ ಐದು ಹಬ್ಬಗಳ ಶಿಖರವನ್ನಷ್ಟೇ ಮುಟ್ಟಿ ಬಂದವರ ಬಳಿ ಕೊನೆಗೆ ಉಳಿಯುವುದು ಎಲ್ಲರ ಬಳಿಯೂ ಇರುವ ಚಿತ್ರಗಳೇ.

ದಿನ ಗೊತ್ತುಮಾಡಿಕೊಳ್ಳುವ ಕ್ರಮ ಮೂರು ಬಗೆಯದು. ಚಾಂದ್ರಮಾನದ ಹಬ್ಬಗಳಾದ ದಸರಾ, ಹೋಳಿ, ಪುಷ್ಕರ ಮೇಳ, ಟಿಬೆಟನ್ನರ ಹೊಸವರ್ಷವಾದ ಲೋಸರ್ ಇತ್ಯಾದಿಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತಾ ಬಂದು, ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಹೋಗುತ್ತವೆ. ಸೌರಮಾನದವು ಹೆಚ್ಚು ಅಲುಗಾಡುವುದಿಲ್ಲ. ತಲಕಾವೇರಿಯಲ್ಲಿ ಕಾವೇರಿ ಉಕ್ಕುತ್ತಾಳೆಂದು ನಂಬುವ ನಮ್ಮ ತೀರ್ಥೋದ್ಭವವು ತುಲಾ ಸಂಕ್ರಮಣದಂದು, ಅಂದರೆ ಅಕ್ಟೋಬರ್ 17ರ ಆಸುಪಾಸಿನಲ್ಲಿಯೇ ಬರುತ್ತದೆ. ಮೂರನೆಯ ಬಗೆಯವು ಇಂಗ್ಲಿಷ್ ತಾರೀಖಿಗೆ ಕಟ್ಟಿದವು. ನಾಗಾಲ್ಯಾಂಡಿನ ಹಾರ್ನ್‌ಬಿಲ್ ಉತ್ಸವ ಪ್ರತಿವರ್ಷ ಡಿಸೆಂಬರ್ 1ರಿಂದ 10ರವರೆಗೆ ನಡೆಯುತ್ತದೆ. ಕೊಡಗಿನ ಕೈಲ್‌ಪೊಳ್ದನ್ನು ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಆಚರಿಸುತ್ತಾರೆ. ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡರೆ ನಿಮ್ಮ ವರ್ಷದ ಪ್ರಯಾಣದ ನಕ್ಷೆ ತಾನಾಗಿಯೇ ಮೂಡುತ್ತದೆ.

ಕೊಡಗಿನಿಂದ ಆರಂಭಿಸಿದರೆ ಹೇಗೆ ಎಂದು ಕೇಳಿದ್ದೀರಿ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ಅವಧಿಗಾದರೆ ಖಂಡಿತ ಆರಂಭಿಸಿ ಎಂದೇ ಹೇಳುತ್ತೇನೆ. ನಮ್ಮೂರೆಂಬ ಅಭಿಮಾನ ಅದರಲ್ಲಿ ಸ್ವಲ್ಪ ಬೆರೆತಿರಬಹುದು. ಕೈಲ್‌ಪೊಳ್ದ್ ನಾಟಿ ಕೆಲಸ ಮುಗಿದ ಮೇಲೆ ಬರುವ ಆಯುಧಪೂಜೆ. ಕೋವಿ, ಕತ್ತಿಗಳನ್ನು ಒರೆಸಿ ಸಾಲಾಗಿ ಇಟ್ಟು, ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಬೆಂಕಿಯ ನಾಲಗೆಯಂತಹ ಕೆಂಪು, ಹಳದಿ ಎಸಳುಗಳ ಆ ಹೂವು, ಹಳೆಯ ಮರದ ಹಿಡಿಯ ಕೋವಿ, ಐನ್‌ಮನೆಯ (ಕೊಡವ ಕುಲದ ಮೂಲಮನೆಯ) ಕಿಟಕಿಯಿಂದ ಬೀಳುವ ಮಳೆಗಾಲದ ಮೆತ್ತನೆಯ ಬೆಳಕು, ಇಷ್ಟಿದ್ದರೆ ಬೇರೆ ದೀಪವೇ ಬೇಡ. ಆದರೆ ಇದು ಮನೆಯೊಳಗಿನ ಹಬ್ಬ. ಪರಿಚಯದವರು ಕರೆದರೆ ಮಾತ್ರ ಹೋಗಬೇಕು.

ಮಡಿಕೇರಿ ದಸರಾ ಹಾಗಲ್ಲ, ಅದು ಬೀದಿಯ ಹಬ್ಬ. ನವರಾತ್ರಿಯ ಮೊದಲ ಸಂಜೆ ಪಂಪಿನಕೆರೆಯಿಂದ ನಾಲ್ಕು ಶಕ್ತಿ ದೇವತೆಗಳ ಕರಗಗಳು ಹೊರಡುತ್ತವೆ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ ಮತ್ತು ಕೋಟೆ ಮಾರಿಯಮ್ಮ. ಹೊರಗಿನ ಛಾಯಾಗ್ರಾಹಕರಲ್ಲಿ ಹೆಚ್ಚಿನವರು ಕೊನೆಯ ರಾತ್ರಿಗೆ ಮಾತ್ರ ಬರುವುದರಿಂದ ಕರಗದ ಚಿತ್ರಗಳು ಅವರ ಕೈಗೆ ಸಿಗುವುದೇ ಇಲ್ಲ. ನನ್ನ ಮಟ್ಟಿಗೆ, ಹೂವಿನ ಕರಗವನ್ನು ಹೊತ್ತು ಇಳಿಜಾರು ಬೀದಿಗಳಲ್ಲಿ ಮನೆಯಿಂದ ಮನೆಗೆ ಸಾಗುವ ಆ ದಿನಗಳೇ ಈ ದಸರೆಯ ಜೀವಾಳ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು, ಟ್ರ್ಯಾಕ್ಟರುಗಳ ಮೇಲೆ ಚಲಿಸುವ ಬೃಹತ್ ಮೂರ್ತಿಗಳು, ಹೊಗೆ, ಬಣ್ಣದ ದೀಪ, ಎದೆ ನಡುಗಿಸುವ ಧ್ವನಿವರ್ಧಕಗಳೊಂದಿಗೆ ಪೌರಾಣಿಕ ಕಥೆಗಳನ್ನು ಅಭಿನಯಿಸುತ್ತಾ ಬೆಳಗಿನ ಜಾವದವರೆಗೂ ಪಟ್ಟಣದೊಳಗೆ ಸಾಗುತ್ತವೆ. ಸದ್ದು ನನಗೆ ಹಿಡಿಸುವುದಿಲ್ಲ, ಆದರೂ ಪ್ರತಿ ಸಲ ಹೋಗಿಯೇ ಹೋಗುತ್ತೇನೆ.

ಮಂಟಪಗಳ ಎಲ್‌ಇಡಿ ದೀಪಗಳು ಕ್ಯಾಮೆರಾಕ್ಕೆ ಕಠಿಣ ಪರೀಕ್ಷೆ. ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಮೂಡುವ ಸಾಧ್ಯತೆ ಹೆಚ್ಚಿರುವುದರಿಂದ ಮೆಕ್ಯಾನಿಕಲ್ ಶಟರನ್ನೇ ಬಳಸಿ. ಕೆಂಪು ಮತ್ತು ನೀಲಿ ಬೆಳಕಿನಲ್ಲಿ ಒಂದೇ ಬಣ್ಣ ಮಿತಿ ಮೀರಿ ವಿವರಗಳು ಅಳಿಸಿಹೋಗುತ್ತವೆ; ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಮ್ ನಕ್ಷೆ ಇದನ್ನು ಸ್ಪಷ್ಟವಾಗಿ ತೋರಿಸದ ಕಾರಣ ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ನೋಡುತ್ತಾ, ಎಕ್ಸ್‌ಪೋಶರನ್ನು ಸ್ವಲ್ಪ ತಗ್ಗಿಸಿ, ರಾ (ಸಂಸ್ಕರಿಸದ) ಕಡತದಲ್ಲಿಯೇ ತೆಗೆಯಿರಿ. ಆ ಹೊತ್ತಿಗೆ ಮಡಿಕೇರಿಯಲ್ಲಿ ಮಂಜು ಇಳಿಯುವುದುಂಟು, ಮಳೆಯೂ ಬರಬಹುದು. ಒಣ ಬಟ್ಟೆ ಮತ್ತು ಕ್ಯಾಮೆರಾದ ಮಳೆಹೊದಿಕೆ ಕೈಗೆಟುಕುವಂತಿರಲಿ.

ಮಧ್ಯಾಹ್ನ ಮೈಸೂರಿನಲ್ಲಿ ಜಂಬೂ ಸವಾರಿ ನೋಡಿ, ಸುಮಾರು 120 ಕಿಲೋಮೀಟರ್ ಪ್ರಯಾಣಿಸಿ ರಾತ್ರಿಗೆ ಮಡಿಕೇರಿ ಸೇರುವವರು ಇಲ್ಲಿ ಅನೇಕರಿದ್ದಾರೆ. ಅದು ಸಾಧ್ಯ, ಆದರೆ ದಣಿದ ಕೈಗಳಲ್ಲಿ ಕ್ಯಾಮೆರಾ ನಿಲ್ಲುವುದಿಲ್ಲ. 750 ಕೆ.ಜಿ. ತೂಕದ ಚಿನ್ನದ ಅಂಬಾರಿಯನ್ನು ದೂರದಿಂದ ತೆಗೆದ ಲಕ್ಷಾಂತರ ಚಿತ್ರಗಳು ಈಗಾಗಲೇ ಇವೆ. ಇತ್ತೀಚಿನ ವರ್ಷಗಳಲ್ಲಿ ಅಂಬಾರಿ ಹೊತ್ತ ಆನೆ ಅಭಿಮನ್ಯು ನಮ್ಮ ಮತ್ತಿಗೋಡು ಶಿಬಿರದವನು, ಜೊತೆಗೆ ಹೋಗುವ ಆನೆಗಳಲ್ಲಿ ಹಲವು ದುಬಾರೆಯವು. ಮೈಸೂರಿನಲ್ಲಿ ಆ ಆನೆಗಳ ತಾಲೀಮು ವಾರಗಟ್ಟಲೆ ನಡೆಯುತ್ತದೆ. ಮುಂಜಾನೆಯ ಎಳೆ ಬಿಸಿಲಿನಲ್ಲಿ, ಅಷ್ಟಾಗಿ ಜನಸಂದಣಿಯಿಲ್ಲದ ಬೀದಿಗಳಲ್ಲಿ ಮಾವುತರೊಡನೆ ಅವು ನಡೆದು ಬರುವ ಹೊತ್ತು ಮೆರವಣಿಗೆಗಿಂತ ಒಳ್ಳೆಯ ಚಿತ್ರಗಳನ್ನು ಕೊಡುತ್ತದೆ.

ದಸರಾ ಅಕ್ಟೋಬರ್ ಮಧ್ಯಕ್ಕೆ ಬಂದ ವರ್ಷಗಳಲ್ಲಿ ಅದರ ಬೆನ್ನಿಗೇ ತಲಕಾವೇರಿಯ ತೀರ್ಥೋದ್ಭವವೂ ಸಿಗುತ್ತದೆ. ತೀರ್ಥೋದ್ಭವದ ಮುಹೂರ್ತ ಹಗಲಿಗೂ ಬರಬಹುದು, ನಟ್ಟಿರುಳಿಗೂ ಬರಬಹುದು. ಮೊದಲೇ ಪ್ರಕಟವಾಗುವ ಆ ಸಮಯವನ್ನು ನೋಡಿಯೇ ಲೆನ್ಸ್ ಆರಿಸಿಕೊಳ್ಳಿ. ತೀರ್ಥ ಉಕ್ಕುವ ಪುಟ್ಟ ಕುಂಡವಾದ ಬ್ರಹ್ಮಕುಂಡಿಕೆಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ, ಇರಲೂಬಾರದು, ಅದು ಭಕ್ತರ ಜಾಗ. ಮೇಲಿನ ಮೆಟ್ಟಿಲುಗಳ ಕಡೆ ನಿಂತು, ಹಿಂದಕ್ಕೆ ನಿರಿಗೆ ಹಿಡಿದು ಸೀರೆಯುಟ್ಟ ಕೊಡವ ಮಹಿಳೆಯರನ್ನು, ಬಿಂದಿಗೆ, ಬಾಟಲಿಗಳನ್ನು ಚಾಚಿದ ಕೈಗಳನ್ನು ಮಧ್ಯಮ ದೂರದ ಲೆನ್ಸಿನಿಂದ ಹಿಡಿಯುವುದು ಲೇಸು.

ಹೊಸ ಭತ್ತದ ಸುಗ್ಗಿ ಹಬ್ಬವಾದ ಪುತ್ತರಿ ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ, ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ಸನ್ನಿಧಿಯಲ್ಲಿ ನೆರೆ (ಎಲೆಗಳ ಕಟ್ಟು) ಕಟ್ಟುವ, ಕದಿರು (ಭತ್ತದ ತೆನೆ) ತೆಗೆಯುವ ಮತ್ತು ಊಟದ ಹೊತ್ತುಗಳನ್ನು ಗೊತ್ತುಮಾಡುತ್ತಾರೆ. ರಾತ್ರಿ ದೀಪ ಹಿಡಿದು ಗದ್ದೆಗಿಳಿದು, ಆಕಾಶಕ್ಕೆ ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಕದಿರು ಕೊಯ್ಯುವ ಗಳಿಗೆ ಕೆಲವೇ ನಿಮಿಷಗಳದು. ಆಗ ಫ್ಲ್ಯಾಶ್ ಹೊಡೆದರೆ ದೀಪದ ಬೆಳಕೂ ಹೋಯಿತು, ಮನೆಯವರ ಮನಸ್ಸೂ ಕೆಟ್ಟಿತು. 35 ಮಿ.ಮೀ. ಎಫ್ 1.8ರಂತಹ ಒಂದು ಪುಟ್ಟ ಲೆನ್ಸ್ ಸಾಕು. ಬಣ್ಣದ ಛಾಯೆ ನಿರ್ಧರಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಕೈಯಿಂದಲೇ ಹೊಂದಿಸಿದರೆ ದೀಪದ ಹೊಂಬಣ್ಣ ಉಳಿಯುತ್ತದೆ. ಮುಂದಿನ ದಿನಗಳಲ್ಲಿ ಊರ ಮಂದ್‌ಗಳಲ್ಲಿ (ಊರವರು ಸೇರುವ ಬಯಲುಗಳಲ್ಲಿ) ಕುಪ್ಯ ಎಂಬ ನಿಲುವಂಗಿ, ಚೇಲೆ ಎಂಬ ನಡುಪಟ್ಟಿ ತೊಟ್ಟವರ ಕೋಲಾಟ, ಬೆತ್ತದಿಂದ ಕಾಲಿಗೆ ಹೊಡೆದಾಡುವ ಪರೆಯ ಕಳಿ ಹಗಲಿನಲ್ಲಿಯೇ ನಡೆಯುವುದರಿಂದ ಹೊಸಬರಿಗೆ ಅದೇ ಹೆಚ್ಚು ಅನುಕೂಲ.

ಇಲ್ಲಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಕಣ್ಣೂರು, ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆಯಾದ ತೆಯ್ಯಂನ ನಾಡು. ಅಕ್ಟೋಬರ್ ಕೊನೆಯಿಂದ ಮೇ ತಿಂಗಳವರೆಗೆ ಕಣ್ಣೂರು, ಕಾಸರಗೋಡಿನ ಕಾವುಗಳಲ್ಲಿ (ದೈವದ ಬನಗಳಲ್ಲಿ) ಒಂದಿಲ್ಲೊಂದು ತೆಯ್ಯಂ ನಡೆಯುತ್ತಲೇ ಇರುತ್ತದೆ. ದಕ್ಷಿಣ ಕೊಡಗಿನಲ್ಲೂ ಅದೇ ಪರಂಪರೆಯ ತೆರೆಗಳು ಕಟ್ಟುತ್ತವೆ. ವರ್ಷದಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ. ಹಲವು ತೆಯ್ಯಂಗಳು ನಟ್ಟಿರುಳಲ್ಲಿ ಆರಂಭವಾಗಿ ಬೆಳಗಾಗುವವರೆಗೆ ಸಾಗುತ್ತವೆ. ತೆಂಗಿನ ಗರಿಯ ಸೂಟೆಯ ಬೆಳಕಿನಲ್ಲಿ ಕಾಣುವ ಅದೇ ಕೆಂಪು ಮುಖ, ಸ್ವಲ್ಪ ಹೊತ್ತಿನಲ್ಲಿ ನಸುಕಿನ ನೀಲಿಯಲ್ಲಿ ಬೇರೆಯೇ ಆಗಿ ತೋರುತ್ತದೆ. ವೇಷ ಕಟ್ಟುವ ಜಾಗವಾದ ಅಣಿಯರದಲ್ಲಿ ನೆಲದ ಮೇಲೆ ಮಲಗಿದ ಕಲಾವಿದನ ಮುಖಕ್ಕೆ ಮತ್ತೊಬ್ಬರು ಸಣ್ಣ ಕಡ್ಡಿಯಿಂದ ಗಂಟೆಗಟ್ಟಲೆ ಬರೆಯುತ್ತಾರೆ. ಅಲ್ಲಿ ಚಿತ್ರ ತೆಗೆಯುವ ಮೊದಲು ಕೇಳಲೇಬೇಕು. ಮುಡಿ (ತಲೆಯ ಕಿರೀಟ) ಇಟ್ಟ ಮೇಲೆ ಆತ ದೈವ, ನಮ್ಮ ಕೋನಕ್ಕಾಗಿ ನಿಲ್ಲುವ ವ್ಯಕ್ತಿಯಲ್ಲ. ತೀಚಾಮುಂಡಿ ಎಂಬ ತೆಯ್ಯಂ ಕೆಂಡದ ರಾಶಿಗೆ ಬೀಳುವಾಗ ಗಾಳಿಯ ದಿಕ್ಕಿಗೆ ಎದುರಾಗಿ ನಿಲ್ಲಬೇಡಿ, ಕಿಡಿಗಳು ಲೆನ್ಸಿಗೂ ತಾಗುತ್ತವೆ, ಕಣ್ಣಿಗೂ ತಾಗುತ್ತವೆ.

ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ಲೋಸರ್ ಸಮಯದಲ್ಲಿ, ಫೆಬ್ರವರಿ ಅಥವಾ ಮಾರ್ಚಿನಲ್ಲಿ, ಕುಶಾಲನಗರದ ಪಕ್ಕದ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಲಾಮಾಗಳ ಮುಖವಾಡ ನೃತ್ಯವಿರುತ್ತದೆ. ನಮ್ಮಲ್ಲಿ ಮಳೆ ಹುಯ್ಯುವ ಜೂನ್, ಜುಲೈನಲ್ಲಿ ಲಡಾಖಿನ ಹೆಮಿಸ್ ಮಠದ ಎರಡು ದಿನಗಳ ಉತ್ಸವಕ್ಕೆ ಹೋಗಬಹುದು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿರುವುದರಿಂದ ಎರಡು ದಿನ ಮೊದಲೇ ಹೋಗಿ ಸುಮ್ಮನಿರಿ. ತ್ರಿಶೂರ್ ಪೂರಂನಲ್ಲಿ ಎದುರುಬದುರಾಗಿ ನಿಂತ ತಲಾ 15 ಆನೆಗಳ ಮೇಲೆ ರೇಷ್ಮೆ ಕೊಡೆಗಳು ಬದಲಾಗುವ ಕುಡಮಾಟ್ಟಂ ಸಂಜೆಯ ಬೆಳಕಿನಲ್ಲಿ ಅದ್ಭುತ, ಆದರೆ ಒಮ್ಮೆ ನಿಂತ ಜಾಗದಿಂದ ಕದಲಲಾಗದು. ಉತ್ತರ ಪ್ರದೇಶದ ಬರ್ಸಾನಾದಲ್ಲಿ ಹೆಂಗಸರು ಗಂಡಸರಿಗೆ ಕೋಲಿನಿಂದ ಹೊಡೆಯುವ ಲಠಮಾರ್ ಹೋಳಿಯಲ್ಲಿ ಬಣ್ಣದ ಪುಡಿ ಕ್ಯಾಮೆರಾದೊಳಗೆ ಇಳಿಯದಂತೆ ಲೆನ್ಸ್ ಬದಲಿಸದಿರುವುದೊಂದೇ ಉಪಾಯ. ಹಾರ್ನ್‌ಬಿಲ್‌ಗೆ ಇನ್ನರ್ ಲೈನ್ ಪರ್ಮಿಟ್ (ನಾಗಾಲ್ಯಾಂಡ್ ಪ್ರವೇಶದ ಪರವಾನಗಿ) ಬೇಕು. ಸರ್ಕಾರವೇ ಪ್ರವಾಸಿಗರಿಗಾಗಿ ರೂಪಿಸಿದ ಉತ್ಸವವಾದ್ದರಿಂದ ಅಲ್ಲಿ ಕ್ಯಾಮೆರಾಕ್ಕೆ ಮುಜುಗರವಿಲ್ಲ, ಭಾವಚಿತ್ರ ಕಲಿಯುವವರಿಗೆ ಒಳ್ಳೆಯದು. ಕೆಲವು ವರ್ಷ ಪುತ್ತರಿಯೂ ಅದೇ ವಾರಕ್ಕೆ ಬರುತ್ತದೆ, ಆಗ ಯಾವುದು ಎಂಬುದು ನಿಮ್ಮ ಆಯ್ಕೆ.

ಮೇ ತಿಂಗಳಿನಲ್ಲಿ ದೇವರಪುರದ ಕುಂಡೆ ಹಬ್ಬದ ಬಗ್ಗೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಜೇನುಕುರುಬರು, ಯರವರು ಹೆಣ್ಣುವೇಷ ತೊಟ್ಟು, ಕೈಗೆ ಸಿಕ್ಕ ಡಬ್ಬ, ಸೋರೆಬುರುಡೆಗಳನ್ನು ಬಡಿಯುತ್ತಾ, ದೇವರನ್ನೇ ಬೈಯುತ್ತಾ ಬರುವ ಹಬ್ಬವದು. ಅದನ್ನು ಹಾಸ್ಯದ ವಿಡಿಯೋವಾಗಿ ಮಾಡಿ ಹಂಚುವವರ ಬಗ್ಗೆ ನನಗೆ ತೀವ್ರ ಅಸಮಾಧಾನವಿದೆ. ವರ್ಷವಿಡೀ ತೋಟದಲ್ಲಿ ದುಡಿಯುವವರು ಒಂದು ದಿನ ಬಾಯ್ತುಂಬ ಬೈಯುವ ಹಕ್ಕು ಪಡೆದ ಹಬ್ಬವದು ಎಂದು ತಿಳಿದು, ಅವರ ಹಾಡಿಗಳಲ್ಲಿ ಪರಿಚಯ ಮಾಡಿಕೊಂಡು ಹೋಗುವುದಾದರೆ ಹೋಗಿ.

ಸಲಕರಣೆಯ ವಿಚಾರದಲ್ಲಿ ಇಷ್ಟು: ಮೇಲೆ ಹೇಳಿದ ಪುಟ್ಟ ಲೆನ್ಸಿನ ಜೊತೆಗೆ ಒಂದು 70-200 ಮಿ.ಮೀ. ಜೂಮ್ ಲೆನ್ಸ್ ಇದ್ದರೆ ಈ ಎಲ್ಲ ಹಬ್ಬಗಳಿಗೂ ಸಾಕಾಗುತ್ತದೆ. 250 ಗ್ರಾಂಗಿಂತ ಭಾರದ ಡ್ರೋನಿಗೆ ನೋಂದಣಿ ಕಡ್ಡಾಯ, ಜನಸಂದಣಿಯ ಮೇಲೆ, ಆನೆಗಳ ಬಳಿ ಹಾರಿಸುವ ಯೋಚನೆಯನ್ನೇ ಬಿಡಿ. ಈ ವರ್ಷದ ದಸರೆಗೆ ಮಡಿಕೇರಿಗೆ ಬರುವುದಾದರೆ ಉಳಿದುಕೊಳ್ಳುವ ಕೋಣೆಯನ್ನು ಈಗಲೇ ಕಾಯ್ದಿರಿಸಿ. ವಿಜಯದಶಮಿಯ ವಾರದಲ್ಲಿ ಹೋಂಸ್ಟೇಗಳು ತಿಂಗಳುಗಳ ಮೊದಲೇ ತುಂಬುತ್ತವೆ. ಪಟ್ಟಣದಲ್ಲಿ ಸಿಗದಿದ್ದರೆ ಕುಶಾಲನಗರ ಅಥವಾ ನಾಪೋಕ್ಲು ಕಡೆ ವಿಚಾರಿಸಿ.