ಲೇಬರ್ ಕಾರ್ಡ್ ಇದ್ದರೆ ಸಾಲದೇ?

ಪ್ರಶ್ನೆ: 22 ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ ಸರ್. ಊರು ಕುಷ್ಟಗಿ, ಕೆಲಸ ಬೆಂಗಳೂರಿನಲ್ಲಿ. ಲೇಬರ್ ಕಾರ್ಡ್ ಇದೆ. ಹೊಸ ಸೈಟಿನಲ್ಲಿ ಸ್ಕಿಲ್ ಸರ್ಟಿಫಿಕೇಟ್ ಕೇಳಿದರು. ಎರಡೂ ಒಂದೇ ಅಲ್ವಾ?

ಉತ್ತರ: ಅಲ್ಲ ತಮ್ಮಾ. ಲೇಬರ್ ಕಾರ್ಡ್ ಕೊಡುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಸಿಗುತ್ತದೆ. ಅದು ಸೌಲಭ್ಯಕ್ಕೆ. ನಿಮ್ಮ ಕೈ ಎಷ್ಟು ಪಳಗಿದೆ ಅಂತ ಅದು ಹೇಳುವುದಿಲ್ಲ.

ಅದನ್ನು ಹೇಳುವುದು ಆರ್‌ಪಿಎಲ್, ಅಂದರೆ ಈಗಾಗಲೇ ಕಲಿತ ಕೆಲಸವನ್ನು ಪರೀಕ್ಷಿಸಿ ಕೊಡುವ ಸರ್ಟಿಫಿಕೇಟ್. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ಯೋಜನೆಯಲ್ಲಿ ಇದೂ ಸೇರಿದೆ. ತರಬೇತಿ ಕೇಂದ್ರದ ಮೆಟ್ಟಿಲು ಹತ್ತದೆ, ಕೆಲಸ ಮಾಡುತ್ತಲೇ ಕಲಿತವರಿಗಾಗಿಯೇ ಇದು. ನಿಮ್ಮ ಜಿಲ್ಲೆಯ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ.

ನಾನು ಸೈಟ್ ಎಂಜಿನಿಯರ್ ಆಗಿದ್ದಾಗ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. ಗೋಡೆಗೆ ಅಂಗೈ ಸವರಿ, ಒಂದು ಕಣ್ಣು ಮುಚ್ಚಿ, 'ಇಲ್ಲಿ ಹೊಟ್ಟೆ ಬಂದಿದೆ' ಅನ್ನುತ್ತಿದ್ದರು. ತೂಗುಗುಂಡು ಬಿಟ್ಟು ನೋಡಿದರೆ ಅದೇ ನಿಜ! ಸೈಟ್ ಬದಲಾದರೆ ಸಾಕು, ಅವರಿಗೆ ಮತ್ತೆ ಹೊಸಬರ ಕೂಲಿ. ಆ ನೋವು ನನಗೆ ಇನ್ನೂ ಇದೆ.

ಬ್ರಿಟನ್ನಿನಲ್ಲಿ ಕಟ್ಟಡ ಕೆಲಸಗಾರರ ಕೌಶಲ ತೋರಿಸುವ ಸಿಎಸ್‌ಸಿಎಸ್ ಕಾರ್ಡ್ 1995ರಿಂದ ಇದೆ. ಸಾಮಾನ್ಯ ಕೆಲಸಗಾರರಿಗೆ ಹಸಿರು, ನುರಿತವರಿಗೆ ನೀಲಿ. ಕಾನೂನಿನ ಕಡ್ಡಾಯವೇನಿಲ್ಲ. ಆದರೆ ದೊಡ್ಡ ಗುತ್ತಿಗೆದಾರರು ಕಾರ್ಡ್ ಕೇಳುವುದರಿಂದಲೇ ಅದಕ್ಕೆ ಬೆಲೆ. ನಮ್ಮ ಬಿಲ್ಡರುಗಳೂ ಹೀಗೆ ಕೇಳಲಿ. ಜೊತೆಗೆ, ಪರೀಕ್ಷೆಯ ದಿನದ ಕೂಲಿ ಕೊಡಲಿ, ಪಾಸಾದರೆ ದಿನಗೂಲಿ ಏರಿಸಲಿ. ನೀವೂ ಸರ್ಟಿಫಿಕೇಟ್ ತೋರಿಸುವಾಗ ಕೂಲಿಯ ಮಾತನ್ನು ಅಲ್ಲೇ ಎತ್ತಿ.